ಖಲಂದರಣ್ಣನ ಹೆಸರಿನಲ್ಲಿ

ದಿನಾ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತೊಡನೆ ನಾನು ಅದಕ್ಕೆ ಕೇಳುವ ಮೊದಲ ಪ್ರಶ್ನೆ, "ನಾನು ಯಾರು?" ಎಂಬುದು. ಇವನಿಗೇನು ಇದ್ದಕ್ಕಿದ್ದಂತೆ ಅಧ್ಯಾತ್ಮ ಹಿಡಿಯಿತೇ ಎಂದು ಗಾಬರಿಯಾಗಬೇಡಿ. ನಾವು ಪ್ರೋಗ್ರಾಮು ಬರೆಯುವವರು ಬಳಸುವ ಗಿಟ್ ಎಂಬ ತಂತ್ರಾಂಶದಲ್ಲಿ ಅದಕ್ಕೊಂದು ಸಣ್ಣ ಆದೇಶವಿದೆ. ಕುಟ್ಟಿದರೆ ಪರದೆಯ ಮೇಲೆ ಹೆಸರು ಮೂಡುತ್ತದೆ: ಎರ್ರಿಸ್ವಾಮಿ. ಅದನ್ನು ನೋಡಿ ಒಂದು ಉಸಿರು ಬಿಟ್ಟು ಕೆಲಸಕ್ಕೆ ಹತ್ತುತ್ತೇನೆ. ಪಕ್ಕದ ಕುರ್ಚಿಯವನು, "ದಿನಾ ಕೇಳ್ತೀಯಲ್ಲ, ಒಂದಿನಾನಾದ್ರೂ ಬ್ಯಾರೆ ಹೆಸರು ಬಂದೈತೇನಲೇ?" ಎಂದು ನಗುತ್ತಾನೆ. ಬೇರೆ ಹೆಸರು ಬಂದರೆ ಏನಾಗುತ್ತದೆಂದು ನನಗೆ ಗೊತ್ತು. ಒಮ್ಮೆ ಅಲ್ಲಿ ಬೇರೆ ಹೆಸರು ಬರೆದವನು ನಾನೇ.

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ನೀವಾಗಿ ಕಂಡುಹಿಡಿದಿರೆಂದು ಬೀಗುವುದು ಬೇಡ. ಸತ್ತು ನಾಲ್ಕು ತಿಂಗಳಾಗಿದ್ದ ಮನುಷ್ಯನೊಬ್ಬನ ಹೆಸರಿನಲ್ಲಿ ನಾನು ಒಂದು ಚೀಟಿ ಬರೆದು, ಅವನೇ ಬರೆದನೆಂಬಂತೆ ಆಫೀಸಿನ ದಾಖಲೆಗೆ ಸೇರಿಸಿದೆ. ತಮಾಷೆಗೆ. ಒಬ್ಬ ಹುಡುಗಿಯನ್ನು ಹೆದರಿಸಲಿಕ್ಕೆ. ಹೆದರಿದವನು ನಾನು.

ಇನ್ನೊಬ್ಬರಾಗಿ ಮಾತಾಡುವ ಈ ಚಟ ನನಗೆ ಅಂಟಿದ್ದು ನಮ್ಮೂರು ಮೋಕದಲ್ಲಿ, ಒಂಬತ್ತು ವರ್ಷಕ್ಕೇ. ಮೇಷ್ಟರು, ಬಸ್ಸಿನ ಕಂಡಕ್ಟರು, ಚಾವಡಿ ಕಟ್ಟೆಯ ಹಿರಿಯರು, ಯಾರೂ ನನ್ನ ಗಂಟಲಿನಿಂದ ತಪ್ಪಿಸಿಕೊಂಡವರಲ್ಲ. ನಮ್ಮ ತಾತನಿಗೊಂದು ಕೆಮ್ಮಿತ್ತು: ಮೂರು ಸಣ್ಣದು, ಒಂದು ದೊಡ್ಡದು, ಕೊನೆಗೆ "ಶಿವಾ" ಎಂಬ ನಿಟ್ಟುಸಿರು. ತಾತ ತೀರಿ ಒಂದು ತಿಂಗಳಾಗಿತ್ತು. ಮಟಮಟ ಮಧ್ಯಾಹ್ನ, ಮನೆಯೆಲ್ಲ ಮಲಗಿತ್ತು. ನಾನು ತಲಬಾಗಿಲ ಹಿಂದೆ ನಿಂತು ಆ ಕೆಮ್ಮು ಕೆಮ್ಮಿದೆ. ಅಜ್ಜಿ ಚೀರಬೇಕು, ಓಡಬೇಕು, ಆಮೇಲೆ ನನ್ನ ಕಿವಿ ಹಿಂಡಬೇಕು, ಲೆಕ್ಕ ಅದು.

ಅಜ್ಜಿ ಚೀರಲಿಲ್ಲ. ಒಳಗಿನಿಂದ ಚೆಂಬು ತುಂಬ ನೀರು ತಂದು ಹೊಸ್ತಿಲ ಮೇಲಿಟ್ಟಳು. "ಬಿಸಲಾಗ ತಿರಗಬ್ಯಾಡ ಅಂದ್ರ ಕೇಳಂಗಿಲ್ಲ ನೀನು. ಕಾಲು ತೊಳ್ಕೊ, ಬಾ," ಎಂದು ಖಾಲಿ ಬಾಗಿಲಿಗೆ ಹೇಳಿ ಒಳಗೆ ಹೋದಳು. ಊಟದ ಗಂಗಾಳ ಇಟ್ಟ ಸದ್ದಾಯಿತು. ಬಾಗಿಲ ಹಿಂದಿನಿಂದ ಹೊರಬರುವ ಧೈರ್ಯ ನನಗಾಗಲಿಲ್ಲ. ಬಹಳ ಹೊತ್ತಿನ ಮೇಲೆ ಇಣುಕಿದರೆ ಚೆಂಬು ಖಾಲಿಯಾಗಿತ್ತು. ಬಳ್ಳಾರಿ ಸೀಮೆಯ ಬಿಸಿಲು, ಹೀರಿಕೊಂಡಿರಬೇಕು ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ.

ಅಂದೇ ಬುದ್ಧಿ ಕಲಿಯಬೇಕಿತ್ತು. ಬುದ್ಧಿ ಕಲಿತಿದ್ದರೆ ನಾನು ಇಂದು ಪ್ರಬಂಧ ಬರೆಯುವವನಾಗದೆ ಮರ್ಯಾದಸ್ಥನಾಗಿರುತ್ತಿದ್ದೆ.

ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಗಣಿಯ ಕಾಲ. ಬೆಳಿಗ್ಗೆ ಮೇಜು ಒರೆಸಿದರೆ ಮಧ್ಯಾಹ್ನದೊಳಗೆ ಮತ್ತೆ ಕೆಂಪು. ಕೀಲಿಮಣೆಯ ಸಂದುಗಳಲ್ಲಿ ಕೆಂಪು, ಟೀ ಕಪ್ಪಿನ ಅಂಚಿಗೆ ಕೆಂಪು, ಸೀನಿದರೂ ಕೆಂಪು. ಅದಿರಿನ ಲಾರಿಗಳು ಹೆಚ್ಚಿದಂತೆ ಅವನ್ನು ತೂಗುವ ವೇಬ್ರಿಜ್ಜುಗಳೂ ಹೆಚ್ಚಿದವು. ಲಾರಿ ನಿಲ್ಲಿಸುವ ಕಬ್ಬಿಣದ ಆ ದೊಡ್ಡ ತಟ್ಟೆಯಿಂದ ತೂಕ ಓದಿಕೊಂಡು ಚೀಟಿ ಮುದ್ರಿಸುವ ಪ್ರೋಗ್ರಾಮು ನಮ್ಮದು. ಅದಿರಿಗೆ ಮಾತ್ರವಲ್ಲ, ಸಿರುಗುಪ್ಪದ ಭತ್ತದ ಮಿಲ್ಲುಗಳಿಗೂ, ಕುರುಗೋಡಿನ ಕಲ್ಲಿನವರಿಗೂ ಅದೇ.

ಆ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಬರೆದವನು ಸಿರುಗುಪ್ಪದ ಖಲಂದರಣ್ಣ. ಮಾತು ಕಡಿಮೆ, ಕೆಲಸ ಗಟ್ಟಿ. ಪ್ರತಿ ಬದಲಾವಣೆಗೂ ಯಾರು, ಯಾವಾಗ, ಯಾಕೆ ಮಾಡಿದರು ಎಂಬ ಚೀಟಿಯೊಂದನ್ನು ಗಿಟ್ ಅಂಟಿಸಿಕೊಳ್ಳುತ್ತದೆ. ಖಲಂದರಣ್ಣನ ಚೀಟಿಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: "ಸಿರುಗುಪ್ಪ ಮಿಲ್ಲಿಂದು ತೇವದ ತೂಕ ಕಳೀತಿದ್ದಿಲ್ಲ. ಈಗ ಕಳೀತದ. ನೋಡ್ಕೊಳ್ರಿ." ಏನೇ ಬರೆದರೂ ಕೊನೆಗೆ "ನೋಡ್ಕೊಳ್ರಿ".

ಒಂದು ಸಂಜೆ ಅವನು ಊರಿಗೆ ಹೊರಟ. ಬೈಕು, ಎದುರಿಗೆ ಅದಿರಿನ ಲಾರಿ. ಇಷ್ಟು ಹೇಳಿದರೆ ಆ ವರ್ಷಗಳ ಬಳ್ಳಾರಿಯವರಿಗೆ ಉಳಿದದ್ದು ತಿಳಿಯುತ್ತದೆ. ಆ ಲಾರಿಯನ್ನು ಅಂದು ಬೆಳಿಗ್ಗೆ ಅವನದೇ ಪ್ರೋಗ್ರಾಮು ತೂಗಿರಬಹುದು ಎಂಬುದನ್ನು ಆಫೀಸಿನಲ್ಲಿ ಎಲ್ಲರೂ ಯೋಚಿಸಿದೆವು, ಯಾರೂ ಬಾಯಿ ಬಿಡಲಿಲ್ಲ.

ಅವನ ಕುರ್ಚಿಗೆ, ಅವನ ಕಂಪ್ಯೂಟರಿಗೆ ಬಂದವಳು ನಾಗವೇಣಿ. ಕರೂರಿನಿಂದ ದಿನಾ ಬಸ್ಸು. ಸಿರುಗುಪ್ಪದಲ್ಲಿ ಇಳಿದು ಇನ್ನೊಂದು. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಎಂದು ನಮ್ಮ ಯಜಮಾನರಾದ ಶರಣಪ್ಪ ಸರ್ ಹೇಳಿದ್ದರು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ ಎಂದು ಬಂದ ದಿನವೇ ಯಾರಿಗೋ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಬಿದ್ದದ್ದು ಒಳಗೆ ಇಳಿಯಲಿಲ್ಲ.

ನಾಗವೇಣಿ ತನ್ನ ಚೀಟಿಗಳನ್ನು ಶಾಲೆಗೆ ರಜಾ ಅರ್ಜಿ ಬರೆಯುವಷ್ಟು ವಿನಯದಿಂದ ಬರೆಯುತ್ತಿದ್ದಳು. ನನಗೆ ಇನ್ನೇನು ಬೇಕು? ಮಧ್ಯಾಹ್ನದ ಟೀ ಬಂದಾಗ ಎದ್ದು ನಿಂತು, ಕೈಕಟ್ಟಿ, ಅವಳದೇ ಕರೂರಿನ ರಾಗದಲ್ಲಿ ಓದುತ್ತಿದ್ದೆ: "ಸರ್ರಾ, ಈ ಸಾಲು ತಪ್ಪಿತ್ರೀ... ನಾ ಸರಿ ಮಾಡೀನ್ರೀ... ಹೆಚ್ಚುಕಡಿಮಿ ಆಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರೀ..." ವೇಬ್ರಿಜ್ ಜೋಡಿಸುವ ಇಬ್ಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ದಿನ ಶರಣಪ್ಪ ಸರ್ ಕೂಡ ಬಾಗಿಲಲ್ಲಿ ನಿಂತು ನಕ್ಕರು. ನಾಗವೇಣಿಯೂ ನಕ್ಕಳು, ನಗದಿದ್ದರೆ ಹೇಗೆ ಎಂಬಂತೆ. ನಾಲ್ಕು ಚೀಟಿ ಓದಿದೆ. ಐದನೆಯದು ಬರಲೇ ಇಲ್ಲ. ಹುಡುಗಿಯ ಸರಕು ಮುಗಿಯಿತೆಂದುಕೊಂಡೆ.

ಅದೇ ಹೊತ್ತಿಗೆ ಶರಣಪ್ಪ ಸರ್ ನನ್ನನ್ನು ಕರೆದರು. "ಲೇ ಎರ್ರಿಸ್ವಾಮಿ, ಖಲಂದರ್ ಇದ್ದಾಗ ಎಲ್ಲಾ ಅವನ ತಲಿಯಾಗಿತ್ತು. ಈಗ ಕೋಡಿಗೆ ಒಂದು ಸರಿಯಾದ ಮನಿ ಬೇಕು. ಯಾರು ಏನು ಮಾಡಿದ್ರು ಅಂತ ನನಗೂ ಕಾಣಬೇಕು. ಆದ್ರ ನಮ್ಮ ನಾಕು ಗ್ವಾಡಿ ಬಿಟ್ಟು ಹೊರಗ ಹೋಗಬಾರದು. ಯಾರ ತೂಕ ಎಷ್ಟು ಅನ್ನೋದು ಹೊರಗ ಹೋದ್ರ ನನ್ನ ತೂಕ ಇಳಸ್ತಾರ."

ಕೋಡನ್ನು, ಎಂದರೆ ಪ್ರೋಗ್ರಾಮಿನ ಮೂಲ ಸಾಲುಗಳನ್ನು, ನಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳಲು ಬರುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಮುಕ್ತ ತಂತ್ರಾಂಶಗಳು ಆಗಲೇ ಹಲವಿದ್ದವು. ನಾನು ಮೂರನ್ನು ಆರಿಸಿದೆ: ಟ್ರ್ಯಾಕ್, ರೆಡ್‌ಮೈನ್, ಗಿಟೊಲೈಟ್. ವಾರಕ್ಕೊಂದರಂತೆ ನಡೆಸಿ ನೋಡಿ, ಮೂರನೆಯ ಶನಿವಾರ ಒಂದನ್ನು ಹೇಳುವುದು. ನಾಗವೇಣಿಯ ಮೂರು ತಿಂಗಳು ಮುಗಿಯುವುದೂ ಅದೇ ಶನಿವಾರ.

ಮೊದಲ ದಿನವೇ ನನ್ನ ಗಂಟಲು ತುರಿಸಿತು. ಗಿಟ್‌ಗೆ ಒಂದು ಗುಣವಿದೆ: ಹೆಸರು ಕೇಳುತ್ತದೆ, ಪುರಾವೆ ಕೇಳುವುದಿಲ್ಲ. ನೀವು ಯಾರೆಂದು ಹೇಳಿಕೊಂಡರೆ ಅವರೇ. ನನ್ನಂಥವನಿಗೆಂದೇ ಮಾಡಿದ್ದು! ನನ್ನ ಹೆಸರು ಅಳಿಸಿ ಖಲಂದರಣ್ಣನ ಹೆಸರು ಹಾಕಿದೆ. ಯಾವುದೋ ಕಡತದಲ್ಲಿ ಒಂದು ಖಾಲಿ ಸಾಲು ಸೇರಿಸಿ ಚೀಟಿ ಬರೆದೆ: "ನನ್ನ ಕುರ್ಚಿ ಮ್ಯಾಲೆ ಯಾರೋ ಕುಂತಾರ. ನೋಡ್ಕೊಳ್ರಿ." ಕಳಿಸಿ, ಹೆಸರನ್ನು ಮತ್ತೆ ನನ್ನದಕ್ಕೆ ತಿರುಗಿಸಿ, ನಾಗವೇಣಿಯ ಕಡೆ ಓರೆಗಣ್ಣಿಟ್ಟು ಕಾದೆ.

ಅವಳು ತೆರೆದಳು. ಓದಿದಳು. ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಡಬ್ಬಿ ಬಿಚ್ಚಿ ರೊಟ್ಟಿ ತಿಂದಳು. ಅಷ್ಟೇ. ನಾನು ಮೋಕದ ಬಾಗಿಲ ಹಿಂದೆ ನಿಂತ ಹಾಗಾಯಿತು.

ಟ್ರ್ಯಾಕ್ ಎಂಬುದು ಒಪ್ಪವಾಗಿ ದಿನಚರಿ ಬರೆಯುವ ಹಳೆಯ ಕಾಲದ ಗುಮಾಸ್ತನ ಹಾಗೆ. ಇಂದು ಏನಾಯಿತು, ನಿನ್ನೆ ಏನಾಯಿತು, ಮೇಲಿಂದ ಕೆಳಗೆ ಒಂದೇ ಪಟ್ಟಿ. ಗುರುವಾರ ಮಿರ್ಚಿ ತಿಂದು ಬಂದು, ಕೈ ಒರೆಸಿಕೊಳ್ಳುತ್ತಾ ಆ ಪಟ್ಟಿ ತೆರೆದೆ. ಎಲ್ಲಕ್ಕಿಂತ ಮೇಲೆ: ಖಲಂದರ್. ಇಂದು, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. "ಕುರುಗೋಡಿಂದು ಖಾಲಿ ಇದ್ರೂ ತೂಕ ತೋರಸ್ತಿತ್ತು. ಇನ್ನು ತೋರಸಂಗಿಲ್ಲ. ನೋಡ್ಕೊಳ್ರಿ."

ನಾನು ಅದನ್ನು ಬರೆದಿರಲಿಲ್ಲ.

ನನ್ನ ಹೆಸರು ಕೇಳಿದೆ. ಎರ್ರಿಸ್ವಾಮಿ ಎಂದಿತು. ಮತ್ತೆ ಕೇಳಿದೆ. ಮತ್ತೆ ಅದೇ. ಚೀಟಿಯ ಹಿಂದಿನ ಕೋಡನ್ನು ಬಿಚ್ಚಿ ನೋಡಿದೆ: ಹನ್ನೆರಡು ಸಾಲು, ಖಲಂದರಣ್ಣ ಬಿಡುವಷ್ಟೇ ಜಾಗ ಬಿಟ್ಟು, ಅವನಿಡುವಂಥದೇ ಗಿಡ್ಡ ಹೆಸರುಗಳನ್ನಿಟ್ಟು ಬರೆದದ್ದು. ಕೆಳಗೆ ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಕಿಟಕಿಯ ಗಾಜಿನಿಂದ ಬಿಸಿಲು ಕೆಂಪಗೆ ಬಿದ್ದಿತ್ತು. ಮಿರ್ಚಿಯ ಖಾರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮರುದಿನ ಹೊಸ ಪ್ರೋಗ್ರಾಮು ಕುರುಗೋಡಿಗೆ ಹೋಯಿತು. ಸೋಮವಾರ ಏನೋ ನೆಪ ಹೇಳಿ ನಾನೂ ಹೋದೆ. ಅಲ್ಲಿ ವೇಬ್ರಿಜ್ ನೋಡಿಕೊಳ್ಳುವವನು ಹುಸೇನಪ್ಪ. ಖಲಂದರಣ್ಣನ ಹಳೆಯ ಗೆಳೆಯ.

"ಏನು ತೊಂದ್ರಿ ಇತ್ತಪ್ಪ ಇಲ್ಲಿ?" ಎಂದೆ.

"ಖಲಂದರ್ ಹೋದಮ್ಯಾಲೆ ಶುರುವಾಗಿದ್ದು ನೋಡ್ರಿ. ಮಟಮಟ ಮಧ್ಯಾಹ್ನ. ಲಾರಿ ಇಲ್ಲ, ನಾಯಿ ಸೈತ ಇಲ್ಲ. ತಟ್ಟಿ ಖಾಲಿ. ಆದ್ರ ಎಪ್ಪತ್ತು ಕಿಲೋ ತೋರಸ್ತಿತ್ತು."

"ಬಿಸಿಲಿಗೆ ಕಬ್ಬಿಣ ಕಾದ್ರ ಸ್ವಲ್ಪ ಹಂಗಾಗ್ತದ."

"ಇರಬಹುದ್ರಿ. ಕಬ್ಬಿಣದ್ದು ನಿಮಗ ಗೊತ್ತು. ಎಪ್ಪತ್ತು ಅಂದ್ರ ಒಬ್ಬ ಆಳಿನ ತೂಕ ಅನ್ನೋದು ನನಗ ಗೊತ್ತು." ಹುಸೇನಪ್ಪ ಬಾಯೊಳಗಿನ ಎಲೆ ಉಗಿದ. "ಡ್ರೈವರ್‌ಗಳು ತಟ್ಟಿ ಮ್ಯಾಲೆ ಲಾರಿ ಏರಸಾಕ ಅಂಜ್ತಿದ್ರು. ಶುಕ್ರವಾರದಿಂದ ಸೊನ್ನಿ ಐತಿ. ಯಾರು ಸರಿ ಮಾಡಿದ್ರು, ನೀವಾ?"

ಧೈರ್ಯ ತೋರಿಸಲೆಂದು ಆ ತಟ್ಟೆಯ ಮೇಲೆ ಹತ್ತಿ ನಿಂತೆ. ಅರವತ್ತು ಎಂದು ತೋರಿಸಿತು. ಇಳಿದೆ. ಸೊನ್ನೆಗೆ ಬರಲು ಅದು ಒಂದು ಗಳಿಗೆ ತಡಮಾಡಿತು. ಮೀಟರಿನ ಗುಣವೇ ಅದು, ನನಗೆ ಗೊತ್ತು. ಬಸ್ಸಿನ ತನಕ ತಿರುಗಿ ನೋಡದೆ ನಡೆದೆ.

ಎರಡನೆಯ ವಾರ ರೆಡ್‌ಮೈನ್. ಇದು ಕೂಡು ಕುಟುಂಬದ ಮನೆ. ಹತ್ತು ಕೋಣೆ, ಯಾರಿಗೆ ಯಾವ ಕೆಲಸ, ಯಾರದೆಷ್ಟು ಉಳಿದಿದೆ ಎಂಬುದೆಲ್ಲ ಎದುರಿಗೇ. ಹೆಸರಿನ ಪಕ್ಕ ಮುಖವನ್ನೂ ತೋರಿಸುವ ಒಂದು ಅನುಕೂಲವಿತ್ತು. ನಾನದನ್ನು ಉತ್ಸಾಹದಿಂದ ಚಾಲೂ ಮಾಡಿದೆ. ಯಾರಾದರೂ ತಮ್ಮ ಇಮೇಲ್ ವಿಳಾಸಕ್ಕೆ ಹಿಂದೆಂದೋ ಅಂತರ್ಜಾಲದಲ್ಲಿ ಒಂದು ಫೋಟೋ ಅಂಟಿಸಿಟ್ಟಿದ್ದರೆ ಅದು ಹೋಗಿ ಹುಡುಕಿ ತರುತ್ತದೆ. ಖಲಂದರಣ್ಣ ಎಂದೋ ಅಂಟಿಸಿಟ್ಟಿದ್ದನೆಂದು ನನಗೇನು ಗೊತ್ತು?

ನಮ್ಮ ನೆಟ್ಟು ಆಗ ಎತ್ತಿನ ಬಂಡಿ. ಪಟ್ಟಿ ಮೊದಲು ಬಂತು: ಖಲಂದರ್, ಖಲಂದರ್, ಖಲಂದರ್. ಆ ವಾರ ಮೂರು ಹೊಸ ಚೀಟಿ, ಮೂರೂ ಮಧ್ಯಾಹ್ನದವು. ಆಮೇಲೆ ಪಕ್ಕದಲ್ಲಿ ಚಿತ್ರ ಇಳಿಯತೊಡಗಿತು. ಕೂದಲು. ಹಣೆ. ಸಿರುಗುಪ್ಪದ ಹೊಳೆದಂಡೆಯ ಬಿಸಿಲಿಗೆ ಕಿರಿದುಮಾಡಿದ ಕಣ್ಣು. ಕಣ್ಣಿನ ತನಕ ಬಂದು ನಿಂತುಬಿಟ್ಟಿತು. ಮೂರು ಸಾಲು, ಮೂರು ಜೊತೆ ಕಣ್ಣು, ಬಾಯಿಲ್ಲ. ಕರೆಂಟು ಹೋಗಿ ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿದಾಗ ಕುರ್ಚಿಯಿಂದ ಎದ್ದವನು ನಾನೊಬ್ಬನೇ. ನಾಗವೇಣಿ ತಲೆ ಎತ್ತಿ, "ಏನಾತ್ರಿ ಅಣ್ಣಾ?" ಎಂದಳು.

"ಏನಿಲ್ಲ ತಗೋ," ಎಂದೆ. ನನ್ನದೇ ಧ್ವನಿ, ಆದರೆ ಕೆಟ್ಟದಾಗಿ ಅನುಕರಿಸಿದ ಹಾಗೆ ಕೇಳಿಸಿತು.

ಕರೆಂಟು ಬಂದಮೇಲೆ ಶರಣಪ್ಪ ಸರ್ ಬಂದು ನಿಂತರು. ರೆಡ್‌ಮೈನಿನಲ್ಲಿ ಯಾರು ಎಷ್ಟು ಬದಲಾವಣೆ ಮಾಡಿದ್ದಾರೆಂದು ಗೆರೆ ಎಳೆದು ತೋರಿಸುವ ಪುಟವೊಂದಿದೆ. ಅವರಿಗೆ ಅದು ಬಹಳ ಹಿಡಿಸಿತು. ಖಲಂದರಣ್ಣನದು ಎಲ್ಲರಿಗಿಂತ ಉದ್ದ. ನನ್ನದು ಅದರ ಕಾಲುಭಾಗ. ಕೆಳಗೆ ಒಂದು ಚುಕ್ಕೆ.

"ಇದು ಯಾರದು?"

"ನಾಗವೇಣಿದು ಸರ್. ನಾಲ್ಕು."

"ಮೂರು ತಿಂಗಳಾಗ ನಾಲ್ಕಾ?" ಎಂದು ಧ್ವನಿ ತಗ್ಗಿಸಿದರು. "ಸತ್ತೋನ ಗೆರಿ ಇಷ್ಟುದ್ದ, ಬದುಕಿರಾಕಿದು ಇಷ್ಟಾ. ಶನಿವಾರ ಮನಿಗೆ ಕಳಿಸಿಬಿಡ್ತೀನಪ್ಪ." ಅಷ್ಟರಲ್ಲಿ ಅವರ ಕಣ್ಣು ಮೇಲಿನ ಸಾಲಿಗೆ ಹೋಯಿತು. "ಇದೇನಲೇ, ಖಲಂದರ್‌ದು ಈ ತಿಂಗಳದ್ದು ತೋರಸ್ತದ?"

ನನ್ನ ತಮಾಷೆ ಹೊರಬಿದ್ದರೆ ಎಂಬ ಭಯ. "ಆ ಮಿಷಿನ್ನಿನ ಗಡಿಯಾರ ಕೆಟ್ಟೈತಿ ಸರ್, ಹಳೇವಕ್ಕ ಹೊಸ ತಾರೀಕು ಬಿದ್ದಾವು," ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ, ಅದೂ ಯಾರದೋ ಧ್ವನಿಯೇ ಇರಬೇಕು. ನಾಗವೇಣಿ ಆ ಕಡೆ ತನ್ನ ಪರದೆ ನೋಡುತ್ತಿದ್ದಳು. ಅವಳ ಕಿವಿಯವರೆಗೆ ಎರಡು ಮೇಜಿನ ದೂರ.

ಮೂರನೆಯ ವಾರದ್ದು ಗಿಟೊಲೈಟ್. ಇದಕ್ಕೆ ಮುಖವಿಲ್ಲ, ಗೆರೆಯಿಲ್ಲ, ಪುಟವೇ ಇಲ್ಲ. ಬಾಗಿಲು ಮಾತ್ರ. ಒಬ್ಬೊಬ್ಬರಿಗೂ ಒಂದೊಂದು ಕೀಲಿ. ನೀನು ಯಾರೆಂದು ಹೇಳಿಕೊಳ್ಳುತ್ತೀ ಎಂಬುದು ಅದಕ್ಕೆ ಬೇಕಿಲ್ಲ. ಯಾವ ಕೀಲಿ ತಿರುಗಿತು ಎಂಬುದನ್ನಷ್ಟೇ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಾನು ಖುಷಿಯಿಂದ ಕೀಲಿ ಹಂಚಿದೆ. ಖಲಂದರಣ್ಣನಿಗೆ ಕೀಲಿ ಮಾಡಲಿಲ್ಲ. ಹೀಗೆ ಬರೆಯಲು ಈಗ ನಗು ಬರುತ್ತದೆ. ಅಂದು ನಾನು ಸತ್ತವನೊಬ್ಬನನ್ನು ಹೊರಗಿಟ್ಟು ಅಗಳಿ ಹಾಕುತ್ತಿದ್ದೆ.

ಬುಧವಾರ ಒಂದು ಗಂಟೆ ಹತ್ತಕ್ಕೆ ಅವನು ಒಳಗೆ ಬಂದಿದ್ದ. "ಭತ್ತದ ಚೀಟಿಯಾಗ ಊರ ಹೆಸರು ಕತ್ತರಿಸಿ ಹೋಗ್ತಿತ್ತು. ನೋಡ್ಕೊಳ್ರಿ."

ಬಾಗಿಲ ಕಡತವನ್ನು ಬಿಚ್ಚಿ ನೋಡುವ ಧೈರ್ಯ ಬರಲು ನನಗೆ ಶನಿವಾರದವರೆಗೆ ಬೇಕಾಯಿತು. ಒಳಗಿನ ಕೋಣೆಗೆ ಶರಣಪ್ಪ ಸರ್ ನಾಗವೇಣಿಯನ್ನು ಕರೆದದ್ದು ಕೇಳಿಸಿತು. ಬಾಗಿಲು ಅರ್ಧ ಮುಚ್ಚಿತು. ನನ್ನ ಬೆರಳು ತಾನಾಗಿ ಕಡತ ತೆರೆಯಿತು. ಬುಧವಾರ, ಒಂದು ಹತ್ತು. ಬಾಗಿಲು ತೆರೆದ ಕೀಲಿ: ನಾಗವೇಣಿ.

ಗುರುವಾರ: ನಾಗವೇಣಿ. ಶುಕ್ರವಾರ: ನಾಗವೇಣಿ.

ನಿಮಗಿದು ಮೊದಲೇ ಹೊಳೆದಿರಬಹುದು. ನನಗೆ ಹೊಳೆದಿರಲಿಲ್ಲ. ಸತ್ತವನು ಎದ್ದು ಬಂದು ಕೆಲಸ ಮಾಡಿದನೆಂದು ನಂಬಲು ತಯಾರಿದ್ದೆ. ಆ ಹುಡುಗಿ ಮಾಡಿದಳೆಂದು ನಂಬಲು ತಯಾರಿರಲಿಲ್ಲ. ಮೂರು ವಾರ ಬೆನ್ನಿಗೆ ಹತ್ತಿದ್ದ ಚಳಿ ಆಗ ಬಿಟ್ಟುಹೋಗಬೇಕಿತ್ತು. ಇನ್ನೂ ಒಳಗೆ ಇಳಿಯಿತು. ಅವಳು ಖಲಂದರಣ್ಣನನ್ನು ಕಂಡವಳಲ್ಲ. ಅವನ ಧ್ವನಿ ಕೇಳಿದವಳಲ್ಲ. ಅವನ ಕುರ್ಚಿಯಲ್ಲಿ ಕೂತು, ಅವನು ವರ್ಷಗಟ್ಟಲೆ ಬರೆದ ಚೀಟಿಗಳನ್ನು ಒಂದೊಂದಾಗಿ ಓದಿ, ಆ ಮನುಷ್ಯನನ್ನು ಎದ್ದು ನಿಲ್ಲಿಸಿದ್ದಳು. ಎಷ್ಟು ಚೆನ್ನಾಗಿ ನಿಲ್ಲಿಸಿದ್ದಳೆಂದರೆ, ಅವನ ಪಕ್ಕದಲ್ಲೇ ವರ್ಷಗಟ್ಟಲೆ ಕೂತು ಟೀ ಕುಡಿದ ನಾನು ಮೋಸಹೋದೆ.

ಕಡತವನ್ನು ಮುದ್ರಿಸಿಕೊಂಡು ಬಾಗಿಲು ತಳ್ಳಿದೆ.

"...ನೀನು ಒಳ್ಳೇ ಹುಡುಗೀನ ಇದೀಯವಾ, ಆದ್ರ ನಾಲ್ಕು ಚೀಟಿ ನೋಡಿ ನಾ ಹೆಂಗ ಇಟ್ಕೊಳ್ಳಿ?" ಎನ್ನುತ್ತಿದ್ದರು ಶರಣಪ್ಪ ಸರ್. ನಾಗವೇಣಿ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಊಟದ ಡಬ್ಬಿಯನ್ನು ಆಗಲೇ ಒಳಗೆ ಹಾಕಿಕೊಂಡಿದ್ದಳು.

"ಸರ್, ಗಡಿಯಾರ ಕೆಟ್ಟಿಲ್ಲ," ಎಂದೆ. "ನಾ ಸುಳ್ಳು ಹೇಳಿದ್ದೆ." ಎಲ್ಲವನ್ನೂ ಹೇಳಿದೆ. ಇಡೀ ಬದುಕಿನಲ್ಲಿ ನನ್ನ ಸ್ವಂತ ಧ್ವನಿಯಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು, ಬಹಳ ಸಪ್ಪೆಯಾಗಿತ್ತು.

ಶರಣಪ್ಪ ಸರ್ ಕಾಗದವನ್ನು ಎರಡು ಸಲ ಓದಿದರು. "ಕುರುಗೋಡಿಂದು ಸೊನ್ನಿ ಮಾಡ್ದಾಕಿ ನೀನೇನವಾ?"

"ಹೌದ್ರಿ ಸರ್."

"ಮತ್ತ ಇಂವ ಬರದ, ಕುರ್ಚಿ ಮ್ಯಾಲೆ ಯಾರೋ ಕುಂತಾರ ಅನ್ನೋದು ಓದಿ ಅಂಜಲಿಲ್ಲೇನು?"

"ಇಲ್ರಿ ಸರ್. ಅದು ಖಲಂದರ್ ಅಣ್ಣಂದಲ್ಲ ಅಂತ ಓದಿದ ಕೂಡ್ಲೇ ಗೊತ್ತಾತ್ರಿ. ಅದರ ಹಿಂದ ಕೆಲಸಾನೇ ಇದ್ದಿಲ್ಲ, ಖಾಲಿ ಸಾಲು. ಅವರು ಖಾಲಿ ಲಾರಿಗೆ ಚೀಟಿ ಹರಿಯೋ ಮನುಷ್ಯ ಅಲ್ರಿ."

ಶರಣಪ್ಪ ಸರ್ ನನ್ನನ್ನು ನೋಡಿದ ನೋಟವನ್ನು ಅನುಕರಿಸಲು ನಾನು ಎಂದೂ ಪ್ರಯತ್ನಿಸಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡರು. "ಆ ಕೀಲಿದೇ ಇರಲಿ, ಉಳಿದ ಎರಡು ತಗದುಬಿಡು," ಎಂದು ನನಗೆ ಹೇಳಿ, ಅವಳ ಕಡೆ ತಿರುಗಿದರು. "ಸೋಮವಾರ ಬಾರವಾ. ಅದರಾಚೆ ಸೋಮವಾರನೂ ಬಾ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಎಂದು ಮುಚ್ಚಿತ್ತು? ಮೆಟ್ಟಿಲಿಳಿಯುತ್ತಿದ್ದ ಅವಳನ್ನು ಹಿಂದಿನಿಂದ ಕೂಗಿದೆ. "ಅಲ್ಲವಾ ನಾಗವೇಣಿ, ಇಷ್ಟೆಲ್ಲಾ ಮಾಡಿ ಸತ್ತೋರ ಹೆಸರು ಹಾಕೋದೇನಿತ್ತು? ನಿನಗೊಂದು ಹೆಸರಿದ್ದಿಲ್ಲೇನು?"

ಅವಳು ನಡುಮೆಟ್ಟಿಲಲ್ಲಿ ನಿಂತು ತಿರುಗಿದಳು. ಸಿಟ್ಟಿರಲಿಲ್ಲ. ನಾನು ನಾಲ್ಕು ಸಲ ಅಣಕಿಸಿದ್ದ ಅದೇ ಕರೂರಿನ ರಾಗದಲ್ಲಿ, ಒಂದೊಂದೇ ಮಾತಾಗಿ ಹೇಳಿದಳು:

"ನನ್ನ ಹೆಸರಿದ್ರ ನೀವು ನಗ್ತಿದ್ರಿ ಅಣ್ಣಾ. ಅವರ ಹೆಸರಿದ್ರ ಕೆಲಸ ನೋಡಿದ್ರಿ."